ಯಲಹಂಕದಲ್ಲಿ ಇಳಿದು, ಮಗಳನ್ನು ಕರೆತಂದ ಕಥೆ

ಡಿಸೆಂಬರಿನ ನಡುರಾತ್ರಿ ಎರಡೂವರೆ ಗಂಟೆಗೆ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಭೂಸನೂರಿನಲ್ಲಿ ಎಚ್ಚರವಿರುವುದು ಸಕ್ಕರೆ ಕಾರ್ಖಾನೆ ಒಂದೇ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲು ಹಿಡಿದು ನಿಂತಿರುತ್ತವೆ. ಚಾಲಕರು ಕಂಬಳಿ ಹೊದ್ದು ಕಬ್ಬಿನ ರವದಿಗೆ ಬೆಂಕಿ ಹಚ್ಚಿ ಕೈ ಕಾಸಿಕೊಳ್ಳುತ್ತಿರುತ್ತಾರೆ. ಕಬ್ಬಿನ ಹಾಲು ಕುದಿಯುವ ವಾಸನೆ ಮೈಲಿ ದೂರದವರೆಗೂ ಹರಡಿರುತ್ತದೆ. ಆ ರಾತ್ರಿ ಊರಿನ ಒಂದು ಮನೆಯ ದೀಪವೂ ಹೊತ್ತಿತ್ತು. ನಿವೃತ್ತ ಶಾಲಾ ಮಾಸ್ತರು ಧೋತರ ಉಟ್ಟು, ಮೇಲೆ ಸ್ವೆಟರ್ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದರು. ಒಳಗೆ ಅವರ ಹೆಂಡತಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು ಎಲ್ಲವನ್ನೂ ಬುತ್ತಿಗೆ ಕಟ್ಟುತ್ತಿದ್ದರು. ಲಂಡನ್ನಿನಲ್ಲಿ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ ಮಗಳು ಎರಡು ವರ್ಷದ ಮೇಲೆ ಎಳ್ಳಮಾಸಿ ಹಬ್ಬಕ್ಕೆ ಊರಿಗೆ ಬರುವವಳಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ಅವಳನ್ನು ಕರೆದುಕೊಂಡು ಬರಬೇಕು.

ಮಗಳು ಬೇಡವೆಂದೇ ಹೇಳಿದ್ದಳು. “ಯಪ್ಪಾ, ನೀವ್ಯಾಕ ಅಷ್ಟು ದೂರ ಬರ್ತೀರಿ? ನಾ ರೈಲ್ ಹಿಡದು ಬರ್ತೀನಿ.”

“ನೀ ಬರ್ತಿ ಅಂತ ನನಗ ಗೊತ್ತದ, ಯವ್ವಾ. ಆದ್ರೂ ನಾವು ಬರ್ತೀವಿ.”

ಮೂರು ಗಂಟೆಗೆ ಅಣ್ಣನ ಮಗನ ಕ್ರೂಸರ್ ಬಾಗಿಲಿಗೆ ಬಂತು. ಆಳಂದ ತಾಲೂಕಿನಲ್ಲಿ ರೈಲು ನಿಲ್ದಾಣವಿಲ್ಲ. ಆ ಹೊತ್ತಿನಲ್ಲಿ ಬಸ್ಸೂ ಇಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಹೊರಡುವ ವಂದೇ ಭಾರತ್ ಬೆಳಗ್ಗೆ 5.15ಕ್ಕೆ ಬಿಡುತ್ತದೆ. ಹಳ್ಳಿಯವರು ಅದನ್ನು ಹಿಡಿಯಬೇಕೆಂದರೆ ಹಿಂದಿನ ರಾತ್ರಿಯೇ ಕಲಬುರಗಿಗೆ ಹೋಗಿ ನೆಂಟರ ಮನೆಯಲ್ಲಿ ಮಲಗಬೇಕು, ಇಲ್ಲವೇ ಹೀಗೆ ಗಾಡಿ ಮಾಡಿಕೊಂಡು ಕತ್ತಲಲ್ಲೇ ಹೊರಡಬೇಕು.

ಬರುವವರನ್ನು ಎದುರು ಹೋಗಿ ಕರೆತರುವುದು ಈ ಸೀಮೆಯಲ್ಲಿ ಉಪಚಾರದ ಮಾತಲ್ಲ, ಮನೆತನದ ಮಾತು. ಹೆರಿಗೆಗೆ ಬರುವ ಮಗಳನ್ನಾಗಲಿ, ಹಬ್ಬಕ್ಕೆ ಬರುವ ಅಳಿಯನನ್ನಾಗಲಿ, ಮುಂಬೈ-ಪುಣೆಗೆ ದುಡಿಯಲು ಹೋಗಿ ಹಿಂದಿರುಗುವ ತಮ್ಮನನ್ನಾಗಲಿ ಕರೆಯಲು ಮನೆಯಿಂದ ಒಬ್ಬರು ಹೋಗಲೇಬೇಕು. ಕೈಯಲ್ಲಿ ಚೀಲವಿಲ್ಲದೆ ಬಂದವರಿಗೂ ಚೀಲ ಹಿಡಿದುಕೊಳ್ಳಲು ಒಬ್ಬರು ಬೇಕು. ಪಕ್ಕದ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಬರುವ ದತ್ತಭಕ್ತರು ಇಳಿಯುವುದು ಗಾಣಗಾಪುರ ರೋಡ್ ನಿಲ್ದಾಣದಲ್ಲಿ. ಹೆಸರಿನಲ್ಲಿರುವ ಆ ‘ರೋಡ್’ ಎಂಬ ಮಾತೇ ಊರು ಇನ್ನೂ ದೂರವಿದೆಯೆಂದು ಹೇಳುತ್ತದೆ. ಭೀಮಾ ಮತ್ತು ಅಮರ್ಜಾ ಕೂಡುವ ಆ ಕ್ಷೇತ್ರಕ್ಕೆ ಅಲ್ಲಿಂದ ಮುಂದೆ ಜೀಪು, ಟಂಟಂ, ಬಸ್ಸು. ಕಲಬುರಗಿಯಿಂದ ಆಳಂದಕ್ಕೆ ಬರುವ ದಾರಿಯಲ್ಲಿರುವ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯಕ್ಕೆ ಬೇರೆ ಬೇರೆ ರಾಜ್ಯಗಳ ಮಕ್ಕಳು ಬರುತ್ತಾರೆ. ಅವರೂ ಮೊದಲು ಕಲಬುರಗಿ ನಿಲ್ದಾಣದಲ್ಲಿ ಇಳಿದು, ಹಿರಿಯ ವಿದ್ಯಾರ್ಥಿಯೊಬ್ಬ ಬಂದು ದಾರಿ ತೋರಿಸಲೆಂದು ಕಾಯುತ್ತಾರೆ. ರೈಲು ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಮುಂದಿನ ದಾರಿಗೆ ಮನುಷ್ಯ ಬೇಕು. ಈ ಭಾಗದ ಜನ ಇದನ್ನು ತಲೆಮಾರುಗಳಿಂದ ಬಲ್ಲರು.

ರೈಲು ಇಲ್ಲಿಗೆ ಹೊಸದೇನಲ್ಲ. ಮುಂಬೈಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಆಗ ಇದು ನಿಜಾಮರ ನಾಡು. ಬೆಂಗಳೂರು ಬೇರೆಯದೇ ಸಂಸ್ಥಾನದಲ್ಲಿತ್ತು. ಹೀಗಾಗಿ ಇಲ್ಲಿನ ಹಳಬರಿಗೆ ಮುಂಬೈ, ಸೊಲ್ಲಾಪುರ, ಹೈದರಾಬಾದು ಹತ್ತಿರ, ಬೆಂಗಳೂರು ದೂರ. ಆ ದೂರ ಇವತ್ತಿಗೂ ಪೂರ್ತಿ ಸವೆದಿಲ್ಲ. ವಂದೇ ಭಾರತ್ ಬಂದದ್ದು 2024ರ ಮಾರ್ಚ್ 12ರಂದು. ಕರ್ನಾಟಕದ ಊರಿನಿಂದ ಕರ್ನಾಟಕದ ರಾಜಧಾನಿಗೆ ಹೋಗುವ ಆ ರೈಲು ಕೃಷ್ಣೆಯನ್ನೂ ತುಂಗಭದ್ರೆಯನ್ನೂ ದಾಟಿದ ಮೇಲೆ ಮಂತ್ರಾಲಯ ರೋಡ್, ಗುಂತಕಲ್, ಅನಂತಪುರ, ಧರ್ಮಾವರ ಎಂದು ಆಂಧ್ರದಲ್ಲೇ ಬಹಳ ಹೊತ್ತು ಓಡಿ ಮತ್ತೆ ಕರ್ನಾಟಕಕ್ಕೆ ಬರುತ್ತದೆ.

ಮಾಸ್ತರು ಕಿಟಕಿಯ ಪಕ್ಕ ಕುಳಿತರು. ತೊಗರಿಯ ಹೊಲಗಳ ಮೇಲೆ ಬೆಳಕು ಹರಿಯಿತು. ಕೊಯ್ಲಿಗೆ ಬಂದ ತೊಗರಿ, ಹಸಿರು ಜೋಳ, ನಡುವೆ ಕಡಲೆ. ಎಳ್ಳಮಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಹೊಲ ಹೀಗೇ ತುಂಬಿರಬೇಕು. ರಾಯಚೂರು ದಾಟಿದ ಮೇಲೆ ಬುತ್ತಿ ಬಿಚ್ಚಿದರು. ಎದುರು ಕುಳಿತ ಹುಡುಗ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ, “ಅಜ್ಜಾರ, ಎಲ್ಲಿಗಿ ಹೊಂಟೀರಿ?” ಎಂದ. “ಮಗಳನ್ನ ಕರ್ಕೊಂಡು ಬರ್ಲಾಕ. ಏರ್‌ಪೋರ್ಟಿಗಿ” ಎಂದರು. “ಹಂಗಾದ್ರ ಬೆಂಗಳೂರ ತನಕಾ ಹೋಗಬ್ಯಾಡ್ರಿ. ಯಲಹಂಕದಾಗ ಇಳೀರಿ” ಎಂದು ಹುಡುಗ ಹೇಳಿದ.

ಹುಡುಗನ ಮಾತು ಸರಿಯಾಗಿತ್ತು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ 24ರಂದು ದೇವನಹಳ್ಳಿಯ ಬಳಿ ಶುರುವಾದಾಗ ಊರಿನ ಒಳಗಿನವರು ಅದು ಎಷ್ಟು ದೂರವೆಂದು ದೂರಿದರು. ಕಲಬುರಗಿ, ರಾಯಚೂರು, ಯಾದಗಿರಿಯಿಂದ ರೈಲಿನಲ್ಲಿ ಬರುವವರಿಗೆ ಮಾತ್ರ ಅದು ಬೆಂಗಳೂರಿಗಿಂತ ಮೊದಲೇ ಸಿಗಬೇಕಾದ ಜಾಗ. ಅವರ ರೈಲುಗಳು ನಗರದ ಉತ್ತರದ ಬಾಗಿಲಿನಂತಿರುವ ಯಲಹಂಕ ಜಂಕ್ಷನ್‌ನಿಂದಲೇ ಒಳಕ್ಕೆ ಹೋಗುತ್ತವೆ. ಅದೇ ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ ಇನ್ನೊಂದು ಹಳಿ ಕವಲೊಡೆಯುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಅದು ಪುಟ್ಟ ರೈಲುಗಳ ನ್ಯಾರೋಗೇಜ್ ಹಳಿ. ನಂದಿ ಬೆಟ್ಟಕ್ಕೆ ಹೋಗುವವರು ಇಳಿಯುತ್ತಿದ್ದ ನಂದಿ ಹಾಲ್ಟ್ ಇರುವುದೂ ಅದೇ ದಾರಿಯಲ್ಲಿ. ಆಮೇಲೆ ಬ್ರಾಡ್‌ಗೇಜ್ ಆದ ಆ ಹಳಿಯ ಮೇಲೆ, ವಿಮಾನ ನಿಲ್ದಾಣದ ಆವರಣದ ಅಂಚಿನಲ್ಲಿ, ವಿಮಾನ ನಿಲ್ದಾಣದ ಕಂಪನಿಯೇ ಒಂದು ಚಿಕ್ಕ ನಿಲುಗಡೆಯನ್ನು ಕಟ್ಟಿಸಿತು. 2021ರ ಜನವರಿ 4ರಿಂದ ಅಲ್ಲಿ ರೈಲು ನಿಲ್ಲುತ್ತಿದೆ. ನಿಲುಗಡೆಯಿಂದ ಟರ್ಮಿನಲ್‌ಗೆ ಇನ್ನೂ ಕೆಲವು ಕಿಲೋಮೀಟರ್ ಇದೆ. ಆ ದಾರಿಗೆ ಬಸ್ಸು.

ಕರ್ನಾಟಕದಲ್ಲಿ ವಿಮಾನ ನಿಲ್ದಾಣವನ್ನು ಮುಟ್ಟುವ ರೈಲು ಎಂದು ಬೆರಳು ತೋರಿಸಬಹುದಾದದ್ದು ಸದ್ಯ ಈ ನಿಲುಗಡೆಯೇ. ಟ್ಯಾಕ್ಸಿಗೆ ಸಾವಿರ ರೂಪಾಯಿ ಕೊಡಬೇಕಾದ ದಾರಿಗೆ ಇಲ್ಲಿ ಒಂದು ಚಹಾದ ದುಡ್ಡು ಸಾಕು. ಆದರೆ ದಿನಕ್ಕೆ ಬೆರಳೆಣಿಕೆಯಷ್ಟೇ ರೈಲು. ಅವುಗಳ ವೇಳೆ ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಹಿಂದಿರುಗುವವರ ಲೆಕ್ಕಕ್ಕೆ ಹೊಂದುತ್ತದೆ. ನಡುಹಗಲಿನಲ್ಲಿ ಯಲಹಂಕಕ್ಕೆ ಬಂದಿಳಿದ ಭೂಸನೂರಿನವರಿಗೆ ಅದು ಒದಗಲಿಲ್ಲ. ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ ಮುಂದಿನ ಲೋಕಲ್‌ಗೆ ಗಂಟೆಗಟ್ಟಲೆ ಕಾಯಬೇಕೆಂದರು. ಗಂಡ, ಹೆಂಡತಿ ಬುತ್ತಿಯ ಚೀಲ ಹೊತ್ತು ಬಳ್ಳಾರಿ ರಸ್ತೆಗೆ ಆಟೊ ಹಿಡಿದರು. ಅಲ್ಲಿಂದ ಬಿಎಂಟಿಸಿಯ ವಾಯುವಜ್ರ ಬಸ್ಸು ಅವರನ್ನು ವಿಮಾನ ನಿಲ್ದಾಣಕ್ಕೆ ಒಯ್ದಿತು. ದಾರಿಯುದ್ದಕ್ಕೂ ನೀಲಿ ಮಾರ್ಗದ ಮೆಟ್ರೊ ಕಂಬಗಳು. ಆ ಮೆಟ್ರೊ ಮುಗಿದ ದಿನ ನಗರದವರಿಗೆ ದೊಡ್ಡ ಉಪಕಾರವಾಗುತ್ತದೆ. ಅದು ಹೋಗುವುದು ಹೆದ್ದಾರಿಯ ಗುಂಟ, ಯಲಹಂಕ ಜಂಕ್ಷನ್‌ನ ಮಗ್ಗುಲಿಗಲ್ಲ.

ಟರ್ಮಿನಲ್ 2ರ ಮುಂದೆ ಸಂಜೆ. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಈ ಕಟ್ಟಡಕ್ಕೆ 2023ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳೂ ಬಂದವು. ಬಿದಿರಿನ ಚಾವಣಿ, ತೂಗುವ ಗಿಡಬಳ್ಳಿಗಳು, ತೋಟದೊಳಗೆ ಕಟ್ಟಡವಿದೆಯೋ ಕಟ್ಟಡದೊಳಗೆ ತೋಟವಿದೆಯೋ ಎಂಬಂತಹ ಚೆಲುವು. ಮಾಸ್ತರ ಹೆಂಡತಿಗೆ ಅದು ಬಹಳ ಹಿಡಿಸಿತು. ಎಳ್ಳಮಾಸಿಯ ದಿನ ಹೊಲದಲ್ಲಿ ಜೋಳದ ದಂಟುಗಳಿಂದ ಕಟ್ಟುವ ಕೊಂಪೆಯ ನೆನಪಾಯಿತೆಂದು ಹೇಳಿದರು. ವಿಮಾನ ಇಳಿಯುವುದು ನಸುಕಿನಲ್ಲಿ. ಇಡೀ ರಾತ್ರಿ ಕಾಯಬೇಕು. ಬೆಂಚಿನ ಮೇಲೆ ಕಂಬಳಿ ಹಾಸಿ ರೊಟ್ಟಿ ತಿಂದರು.

ಅಲ್ಲಿ ಮಾಸ್ತರಿಗೆ ಒಗ್ಗದ ಸಂಗತಿ ಒಂದೇ. ಕಲಬುರಗಿ ನಿಲ್ದಾಣದಲ್ಲಿ 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೇಟು ತೆಗೆದುಕೊಂಡರೆ ಬೋಗಿಯ ಬಾಗಿಲವರೆಗೂ ಹೋಗಬಹುದು. ರೈಲು ನಿಲ್ಲುವ ಮೊದಲೇ ಕಿಟಕಿಯಲ್ಲಿ ಮುಖ ಕಾಣುತ್ತದೆ. ರೈಲಿನ ಜೊತೆಗೆ ನಾಲ್ಕು ಹೆಜ್ಜೆ ಓಡಬಹುದು, ಚೀಲವನ್ನು ಕೈಯಿಂದ ಕೈಗೆ ಇಳಿಸಿಕೊಳ್ಳಬಹುದು. ವಿಮಾನ ನಿಲ್ದಾಣದಲ್ಲಿ ಟಿಕೇಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಉಕ್ಕಿನ ಕಂಬಿಯ ಈಚೆ ನಿಂತು, ಗಾಜಿನ ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡಬೇಕು. ಭದ್ರತೆಗೆ ಇದು ಬೇಕು, ಸರಿಯೇ. ಆದರೂ ಕರೆಯಲು ಬಂದವರು ನಿಲ್ಲುವ ಜಾಗವನ್ನು ಯಾವ ನಗರವೂ ಪ್ರಯಾಣಿಕರ ಜಾಗದಷ್ಟು ಮನಸ್ಸಿಟ್ಟು ಕಟ್ಟಿದಂತೆ ಕಾಣುವುದಿಲ್ಲ.

ಜಗತ್ತಿನ ದೊಡ್ಡ ನಗರಗಳಲ್ಲಿ ಈ ಎದುರುಗೊಳ್ಳುವ ಜಾಗವನ್ನೇ ರೈಲು ಬದಲಿಸಿದೆ. ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ 1936ರಲ್ಲೇ ದುಂಡನೆಯ ಟರ್ಮಿನಲ್ ಕಟ್ಟಿ, ಅಲ್ಲಿಂದ ನೆಲದಡಿಯ ದಾರಿಯೊಂದನ್ನು ನೇರವಾಗಿ ರೈಲು ನಿಲ್ದಾಣಕ್ಕೆ ಕೂಡಿಸಿದರು. ವಿಮಾನದಿಂದ ಇಳಿದವರು ಮಳೆಯಲ್ಲಿ ನೆನೆಯದೆ ರೈಲು ಹತ್ತಬಹುದಿತ್ತು. ಹೀಥ್ರೊಗೆ 1977ರಲ್ಲಿ ಪಿಕಡಿಲಿ ಮಾರ್ಗದ ಸುರಂಗ ರೈಲು ಬಂತು, 1998ರಲ್ಲಿ ಪ್ಯಾಡಿಂಗ್ಟನ್‌ಗೆ ಹದಿನೈದು ನಿಮಿಷದಲ್ಲಿ ಮುಟ್ಟಿಸುವ ಹೀಥ್ರೊ ಎಕ್ಸ್‌ಪ್ರೆಸ್, 2022ರಲ್ಲಿ ಎಲಿಜಬೆತ್ ಮಾರ್ಗ. ಅಂತಹ ಊರುಗಳಲ್ಲಿ ಅತಿಥಿಯನ್ನು ಕರೆಯಲು ವಿಮಾನ ನಿಲ್ದಾಣದವರೆಗೆ ಹೋಗಲೇಬೇಕೆಂದಿಲ್ಲ. ಯಾವ ರೈಲು ಹತ್ತಬೇಕು, ಎಲ್ಲಿ ಬದಲಿಸಬೇಕು, ಯಾವ ನಿಲ್ದಾಣದ ಯಾವ ಬಾಗಿಲಿನಿಂದ ಹೊರಗೆ ಬರಬೇಕು ಎಂಬುದನ್ನು ಮೊಬೈಲಿಗೆ ಕಳಿಸುತ್ತಾರೆ. ಮನೆಯ ಹತ್ತಿರದ ನಿಲ್ದಾಣದ ಹೊರಗೆ ಬಂದು ನಿಲ್ಲುತ್ತಾರೆ.

ಮಗಳು ಮೊದಲ ಸಲ ಲಂಡನ್ನಿಗೆ ಹೋದಾಗ ಹಾಗೆಯೇ ಆಗಿತ್ತು. ಎರಡು ದೊಡ್ಡ ಸೂಟ್‌ಕೇಸು ಎಳೆದುಕೊಂಡು ಒಬ್ಬಳೇ ಪಿಕಡಿಲಿ ಮಾರ್ಗದಲ್ಲಿ ಕುಳಿತು ಬಂದಿದ್ದಳು. ಗೆಳತಿ ನಿಲ್ದಾಣದ ಮೆಟ್ಟಿಲ ಬಳಿ ಸಿಕ್ಕಳು. ಮೊದಲ ಭಾನುವಾರವೇ ಮಗಳು ನೋಡಬೇಕೆಂದುಕೊಂಡದ್ದು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯನ್ನು. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಲ್ಯಾಂಬೆತ್ ಮೇಯರ್ ಆಗಿದ್ದವರು. ಅವರ ಪ್ರಯತ್ನದಿಂದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಿಂತ ಆ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಹೀಥ್ರೊದಿಂದ ಪಿಕಡಿಲಿ ಮಾರ್ಗ ಹಿಡಿದು ಗ್ರೀನ್ ಪಾರ್ಕ್‌ನಲ್ಲಿ ವಿಕ್ಟೋರಿಯಾ ಮಾರ್ಗಕ್ಕೆ ಬದಲಿಸಿ ವಾಕ್ಸ್‌ಹಾಲ್‌ನಲ್ಲಿ ಇಳಿದರೆ ನದಿಯ ದಂಡೆಗುಂಟ ನಡೆದೇ ಅಲ್ಲಿಗೆ ಹೋಗಬಹುದು. ಕಲ್ಯಾಣದ ನಾಡಿನಿಂದ ಬಂದವಳಿಗೆ ಪರದೇಶದಲ್ಲಿ ಎದುರುಗೊಂಡ ಊರಿನ ಮೊದಲ ಮುಖ ಅದು. ಅಪ್ಪನಿಗೆ ಅಲ್ಲಿಂದಲೇ ವಿಡಿಯೊ ಕರೆ ಮಾಡಿದ್ದಳು.

ನಮ್ಮ ದೇಶದಲ್ಲಿಯೂ ಈ ಬದಲಾವಣೆ ಬರುತ್ತಿದೆ. ಚೆನ್ನೈನಲ್ಲಿ ವಿಮಾನ ನಿಲ್ದಾಣದ ಎದುರಿಗೇ ತಿರುಶೂಲಂ ಲೋಕಲ್ ನಿಲ್ದಾಣ ಮೊದಲೇ ಇತ್ತು, 2016ರಲ್ಲಿ ಮೆಟ್ರೊ ಕೂಡ ಬಂತು. ದೆಹಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 2011ರ ಫೆಬ್ರುವರಿಯಲ್ಲಿ ಶುರುವಾಯಿತು. ಅದರ ನಗರದ ತುದಿ ಇರುವುದು ನವದೆಹಲಿ ರೈಲು ನಿಲ್ದಾಣದ ಅಜ್ಮೇರಿ ಗೇಟ್ ಮಗ್ಗುಲಿನಲ್ಲಿ. ಕಲಬುರಗಿಯ ಮೇಲೆ ಹಾಯುವ ಕರ್ನಾಟಕ ಎಕ್ಸ್‌ಪ್ರೆಸ್ ಮುಟ್ಟುವುದೂ ಅದೇ ನವದೆಹಲಿ ನಿಲ್ದಾಣವನ್ನು. ಒಂದು ರೈಲಿನಿಂದ ಇಳಿದವರು ಇನ್ನೊಂದಕ್ಕೆ ನಡೆದೇ ಹೋಗಬಹುದು. ವಿಮಾನ ನಿಲ್ದಾಣದ ರೈಲು ನಗರದ ಅಂಗಡಿಬೀದಿಗೆ ಮುಟ್ಟಿದರೆ ಅರ್ಧ ಕೆಲಸ. ದೂರದ ಊರುಗಳ ರೈಲು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮುಟ್ಟಿದರೆ ಪೂರ್ತಿ ಕೆಲಸ. ದೆಹಲಿಯಲ್ಲಿ ಈ ಪೂರ್ತಿ ಕೆಲಸ ಆಗಿದೆ.

ನಸುಕಿನಲ್ಲಿ ಗಾಜಿನ ಬಾಗಿಲು ತೆರೆಯಿತು. ಗಾಡಿಯ ಮೇಲೆ ಎರಡು ಸೂಟ್‌ಕೇಸು ಇಟ್ಟು ತಳ್ಳಿಕೊಂಡು ಮಗಳು ಬಂದಳು. ತಾಯಿ ಕಂಬಿಯ ಕೊನೆಯವರೆಗೆ ಓಡಿದರು. ಮೊದಲ ಮಾತು, “ಎಷ್ಟು ಸೊರಗೀದಿ!” ಎರಡನೆಯದು, “ಏನರ ತಿಂದೀದಿಲ್ಲೋ?” ಮಾಸ್ತರು ಏನೂ ಮಾತಾಡದೆ ಸೂಟ್‌ಕೇಸಿನ ಹಿಡಿಕೆಗೆ ಕೈ ಹಾಕಿದರು. ಮಗಳು ಬಿಡಲಿಲ್ಲ, ಅವರೂ ಬಿಡಲಿಲ್ಲ. ಕೊನೆಗೆ ಇಬ್ಬರೂ ಸೇರಿ ಎಳೆದರು.

ಹೋಗುವಾಗ ಸಿಗದ ರೈಲು ಬರುವಾಗ ಸಿಕ್ಕಿತು. ಬೆಳಗಿನ ಲೋಕಲ್ ಹಿಡಿಯಲು ಬಸ್ಸಿನಲ್ಲಿ ನಿಲುಗಡೆಗೆ ಬಂದರು. ಚಳಿಯ ಮಂಜು, ಒಂಟಿ ಹಳಿ, ಆಚೆ ನೀಲಗಿರಿ ಮರಗಳು, ತಲೆಯ ಮೇಲೆ ಇಳಿಯುತ್ತಿರುವ ವಿಮಾನಗಳ ಸದ್ದು. ಪ್ಲಾಟ್‌ಫಾರ್ಮಿನಲ್ಲಿದ್ದವರಲ್ಲಿ ಹೆಚ್ಚಿನವರು ರಾತ್ರಿ ಪಾಳಿ ಮುಗಿಸಿದ ವಿಮಾನ ನಿಲ್ದಾಣದ ಕೆಲಸಗಾರರು. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ದೇವನಹಳ್ಳಿಯ ಕಡೆಯಿಂದಲೇ ಆ ರೈಲಿನಲ್ಲಿ ಬಂದಿದ್ದರು. ಸೂಟ್‌ಕೇಸು ಹತ್ತಿಸಲು ಇಬ್ಬರು ಹುಡುಗರು ತಾವಾಗಿ ಕೈಕೊಟ್ಟರು. ಲಂಡನ್ನಿನ ರೈಲುಗಳಲ್ಲಿ ಓಡಾಡಿದ ಮಗಳು ಕಿಟಕಿಯ ಸರಳಿಗೆ ಕೆನ್ನೆಯಾನಿಸಿ ಕುಳಿತಳು. ವಿಮಾನದಿಂದ ಇಳಿದು ಎರಡು ತಾಸಿನೊಳಗೆ ಅಪ್ಪ, ಅವ್ವನ ನಡುವೆ ರೈಲಿನಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಟ್ಯಾಕ್ಸಿಯಲ್ಲಿ ಈ ಸುಖವಿಲ್ಲ.

ಯಲಹಂಕದಲ್ಲಿ ಮತ್ತೆ ಕಾಯಬೇಕು. ಕಲಬುರಗಿಗೆ ಹಿಂದಿರುಗುವ ವಂದೇ ಭಾರತ್ ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುವುದೇ ಮಧ್ಯಾಹ್ನ 2.40ಕ್ಕೆ. ಅದೂ ವಾರಕ್ಕೆ 6 ದಿನ ಮಾತ್ರ. ರಾತ್ರಿಯೆಲ್ಲ ಎಚ್ಚರವಿದ್ದ ಮೂವರು ಆರು ತಾಸಿಗೂ ಹೆಚ್ಚು ಹೊತ್ತು ನಿಲ್ದಾಣದಲ್ಲಿ ಕಳೆದರು. ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಎದ್ದ ಮೇಲೆ ಮೊಬೈಲಿನಲ್ಲಿ ಏನೋ ನೋಡಿ, “ಯಪ್ಪಾ, ಮುಂದಿನ ಸಲ ಮುಂಬೈಗೆ ಇಳೀತೀನಿ” ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇದೆ. ಮುಂಬೈನ ನೆಲದಡಿಯ ಮೆಟ್ರೊ 3ನೇ ಮಾರ್ಗ 2024ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳನ್ನು ಮುಟ್ಟಿತು. 2025ರ ಅಕ್ಟೋಬರಿನಲ್ಲಿ ಕಫ್ ಪರೇಡ್‌ವರೆಗೆ ಪೂರ್ತಿಯಾಯಿತು. ನಡುವೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಬರುತ್ತದೆ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹೊರಡುವುದು ಅಲ್ಲಿಂದಲೇ. ಮುಂಬೈ-ಬೆಂಗಳೂರು ದಾರಿಯಲ್ಲಿ ಕಲಬುರಗಿ ಹೆಚ್ಚುಕಡಿಮೆ ನಟ್ಟನಡುವೆ ಇದೆ. ವಿಮಾನದಿಂದ ಇಳಿದು ಮೆಟ್ರೊ, ಮೆಟ್ರೊದಿಂದ ಮೇಲೆ ಬಂದರೆ ಊರಿನ ರೈಲು. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ರಾಜಧಾನಿ ಬಿಟ್ಟು ಮುಂಬೈಗಿ ಯಾಕ ಇಳೀಬೇಕವ್ವಾ?” ಎಂದರು. ಮಗಳು ಉತ್ತರ ಕೊಡಲಿಲ್ಲ.

ಕಲಬುರಗಿಗೂ ವಿಮಾನ ನಿಲ್ದಾಣವಿದೆ. ಶ್ರೀನಿವಾಸ ಸರಡಗಿಯ ಬಳಿ 2019ರ ನವೆಂಬರ್ 22ರಂದು ಅದು ಉದ್ಘಾಟನೆಯಾದ ದಿನ ಇಡೀ ಜಿಲ್ಲೆ ಹಿಗ್ಗಿತ್ತು. ಇಂತಹ ಊರುಗಳಿಗೆ ವಿಮಾನ ಹಾರಿಸಲು ಸರ್ಕಾರ ತಂದ ಉಡಾನ್ ಯೋಜನೆಯಲ್ಲಿ ಒಂದು ಮಾರ್ಗಕ್ಕೆ ಸಿಗುವ ನೆರವು 3 ವರ್ಷದ್ದು. ಆಮೇಲೆ ವಿಮಾನ ಹಾರಿಸುವುದು ಕಂಪನಿಗಳ ಲಾಭ-ನಷ್ಟದ ಲೆಕ್ಕ. ಹೀಗಾಗಿ ಭೂಸನೂರಿನವರು ನೆಚ್ಚಿಕೊಳ್ಳುವುದು ಇವತ್ತಿಗೂ ಹಳಿಯನ್ನೇ.

ಅಂದು ರಾತ್ರಿ ಹನ್ನೊಂದೂವರೆಗೆ ರೈಲು ಕಲಬುರಗಿ ಮುಟ್ಟಿತು. ಪ್ಲಾಟ್‌ಫಾರ್ಮಿನಲ್ಲಿ ಅಣ್ಣನ ಮಗ, ಅವನ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಓಣಿಯ ಇನ್ನಿಬ್ಬರು. ಒಬ್ಬಳನ್ನು ಕರೆದುಕೊಂಡು ಹೋಗಲು ಎಲ್ಲ ಸೇರಿ ಎಂಟು ಜನ. ಕ್ರೂಸರ್ ತುಂಬಿತು. ಸೂಟ್‌ಕೇಸುಗಳು ಮೇಲೇರಿದವು. ಆಳಂದ ರಸ್ತೆಯಲ್ಲಿ ಎದುರಾದದ್ದು ಕಬ್ಬಿನ ಟ್ರ್ಯಾಕ್ಟರುಗಳ ದೀಪಗಳು ಮಾತ್ರ.

ಬೆಂಗಳೂರಿನ ಉಪನಗರ ರೈಲು ಯೋಜನೆಯಲ್ಲಿ ‘ಸಂಪಿಗೆ’ ಎಂಬ ಹೆಸರಿನ ಮಾರ್ಗವೊಂದಿದೆ. ಬೆಂಗಳೂರು ನಿಲ್ದಾಣದಿಂದ ಯಲಹಂಕದ ಮೇಲೆ ದೇವನಹಳ್ಳಿಗೆ 41 ಕಿಲೋಮೀಟರ್. ಅದು ಯಾವಾಗಲಾದರೂ ಬರಲಿ. ಅಲ್ಲಿಯವರೆಗೆ ಇರುವ ಹಳಿಯ ಮೇಲೆಯೇ ಮಾಡಬಹುದಾದ ಕೆಲಸವೊಂದಿದೆ. ಕಲಬುರಗಿ, ರಾಯಚೂರಿನ ಕಡೆಯ ರೈಲುಗಳು ಯಲಹಂಕಕ್ಕೆ ಬರುವ ಹೊತ್ತಿಗೆ ದೇವನಹಳ್ಳಿಯ ಕಡೆಗೆ ಒಂದು ಲೋಕಲ್ ಹೊರಡಲಿ. ಅವು ಊರಿಗೆ ಹಿಂದಿರುಗುವ ಹೊತ್ತಿಗೆ ಅತ್ತಲಿಂದ ಒಂದು ಲೋಕಲ್ ಬರಲಿ. ವಿಮಾನ ನಿಲ್ದಾಣದ ನಿಲುಗಡೆಯಲ್ಲಿ, ಕರೆಯಲು ಬಂದವರು ರಾತ್ರಿ ಕೂರಲು ಬೆಳಕಿರುವ ಒಂದು ಕೋಣೆ, ಕುಡಿಯಲು ನೀರು ಇರಲಿ. ವೇಳಾಪಟ್ಟಿ ಬರೆಯುವವರು ಒಮ್ಮೆ ಕಲಬುರಗಿಯಿಂದ ನಸುಕಿನ ರೈಲು ಹತ್ತಿ, ಯಲಹಂಕದಲ್ಲಿ ಇಳಿದು, ಕೈಯಲ್ಲಿ ಬುತ್ತಿಯ ಚೀಲ ಹಿಡಿದು ನೋಡಬೇಕು.